ಉದ್ದೀಪನವಾಗಿ ಶಬ್ದ: ‘ಥೀಫ್’ ಎಂಬ ವಿಡಿಯೋ ಆಟವನ್ನು ಕುರಿತು

ರಸಸಾಮಗ್ರಿಯಲ್ಲಿ ನಮ್ಮ ಆಲಂಕಾರಿಕರು ಆಲಂಬನ, ಉದ್ದೀಪನ ಎಂದು ಎರಡು ಬಗೆಯ ವಿಭಾವಗಳನ್ನು ಗುರುತಿಸಿದ್ದಾರೆ. ಭಯಾನಕಕ್ಕೆ ಹುಲಿಯೋ ಪಿಶಾಚಿಯೋ ಆಲಂಬನ. ಪಾಳುಮನೆ, ಕಾಡಿನ ಕತ್ತಲೆ, ಗೂಬೆಯ ಕೂಗು ಉದ್ದೀಪನ. ವಿಡಿಯೋ ಆಟಗಳ ಹಿನ್ನೆಲೆಯಲ್ಲಿ ಮಂದವಾಗಿ ಕೇಳಿಬರುವ ಸದ್ದುಗಳನ್ನು ಈ ಎರಡನೆಯ ವರ್ಗಕ್ಕೆ ಸೇರಿಸಿ ಸುಮ್ಮನಾಗುವುದು ಸುಲಭ. (ಆಟಕ್ಕೆ ರಸವೆಲ್ಲಿಯದು ಎನ್ನುವವರು ಅಷ್ಟನ್ನೂ ಒಪ್ಪಲಾರರು.) ವಿಷಯ ಅಲ್ಲಿಗೇ ಮುಗಿಯದೆಂಬುದಕ್ಕೆ, 1998ರಲ್ಲಿ ಅಮೆರಿಕದ ಲುಕಿಂಗ್ ಗ್ಲಾಸ್ ಸ್ಟುಡಿಯೋಸ್ ಸಂಸ್ಥೆ ರಚಿಸಿದ ‘ಥೀಫ್: ದಿ ಡಾರ್ಕ್ ಪ್ರಾಜೆಕ್ಟ್’ ನಿದರ್ಶನವಾಗಿದೆ.

ಇದರ ನಾಯಕ ಗ್ಯಾರೆಟ್ ಒಬ್ಬ ಕಳ್ಳ. ನೆರಳಿನಲ್ಲಿ ಅಡಗಿ ಸದ್ದಾಗದಂತೆ ನಡೆಯುವುದೇ ಅವನ ವಿದ್ಯೆ. ಕಲ್ಲಿನ ಮೇಲೆ, ಲೋಹದ ಮೇಲೆ ಅವನ ಹೆಜ್ಜೆ ಸಪ್ಪಳಮಾಡುತ್ತದೆ. ರತ್ನಗಂಬಳಿಯ ಮೇಲೆ ಉಡುಗುತ್ತದೆ. ನೆಲಕ್ಕೆ ಪಾಚಿ ಹಾಸುವ ಬಾಣವೂ ಅವನ ಬತ್ತಳಿಕೆಯಲ್ಲುಂಟು. ಕಾವಲುಗಾರರು ಈ ಸಪ್ಪಳಕ್ಕೆ ಎಚ್ಚರಗೊಳ್ಳುತ್ತಾರೆ; ಆಟಗಾರನೂ ಅವರ ಹೆಜ್ಜೆ, ಗೊಣಗಾಟಗಳನ್ನು ಕೇಳಿಯೇ ದಿಕ್ಕು ದೂರಗಳನ್ನು ಊಹಿಸಬೇಕು. ಶಬ್ದವು ಗೋಡೆಯನ್ನು ಭೇದಿಸದೆ, ಬಾಗಿಲು ಓಣಿಗಳ ಹಾದಿಯಲ್ಲಿ ಸುತ್ತಿಬರುವಂತೆ ಅದರ ಗತಿಯನ್ನು ಇಲ್ಲಿ ಗಣಿಸಲಾಗಿದೆ.

ಇಷ್ಟೂ ಸಂಕೇತದ ಮಾತಾಯಿತು. ಎರಿಕ್ ಬ್ರೋಸಿಯಸ್ ಅವರ ಶಬ್ದಸಂಯೋಜನೆಯಲ್ಲಿ ಇನ್ನೊಂದು ಪದರವಿದೆ: ಎಲ್ಲಿಂದಲೋ ಎದ್ದು ಒಂದೇ ಸಮನೆ ಮೊರೆಯುವ, ಕಾರಣ ಹುಡುಕಿದರೆ ಸಿಕ್ಕದ, ರಾಗವೆಂದು ಹಾಡಿಕೊಳ್ಳಲೂ ಬಾರದ ನಾದ. ಚಲನಚಿತ್ರದ ಪ್ರೇಕ್ಷಕ ಇಂಥದನ್ನು ಕೇಳಿಯೂ ಕೇಳದಂತಿರಬಲ್ಲ. ಇಲ್ಲಿ ಆ ಸ್ವಾತಂತ್ರ್ಯವಿಲ್ಲ. ಉಳಿಯಬೇಕಾದರೆ ಕಿವಿಗೊಡಲೇಬೇಕು, ಅಪಾಯದ ಸದ್ದಿಗಾಗಿ ತೆರೆದ ಕಿವಿಯೊಳಕ್ಕೆ ನಿಷ್ಕಾರಣವಾದ ಸದ್ದೂ ಇಳಿಯುತ್ತದೆ. ಸಂಕೇತ ಕಿವಿಯನ್ನು ಹದಗೊಳಿಸುತ್ತದೆ. ಆ ಹದದಲ್ಲಿ ಉದ್ದೀಪನ ಫಲಿಸುತ್ತದೆ. ಇವೆರಡರ ಈ ಅವಲಂಬನೆಯೇ ಆಟವೆಂಬ ಕಲೆಗೆ ವಿಶಿಷ್ಟವಾದದ್ದೆಂದು ನನ್ನ ಅಭಿಪ್ರಾಯ.

1999ರಲ್ಲಿ ಬಂದ ಜಪಾನಿನ ‘ಸೈಲೆಂಟ್ ಹಿಲ್’ನಲ್ಲಿ ವಿಕಾರ ಪ್ರಾಣಿಗಳು ಸಮೀಪಿಸಿದಾಗ ನಾಯಕನ ಬಳಿಯ ರೇಡಿಯೋ ಗರಗರ ಎನ್ನತೊಡಗುತ್ತದೆ. ಬಹುವಾಗಿ ಪ್ರಶಂಸೆ ಪಡೆದ ಉಪಾಯವಿದು. ಮಂಜು ಮುಸುಕಿದ ಬೀದಿಯಲ್ಲಿ ಅದು ನಡುಕ ಹುಟ್ಟಿಸುವುದೇನೋ ದಿಟ. ಆದರೆ ರೇಡಿಯೋ ಸುಮ್ಮನಿದ್ದಷ್ಟು ಹೊತ್ತು ಅಭಯ ದೊರೆತಂತೆಯೇ ಸರಿ. ಅಕಿರ ಯಮಾಓಕ ಕೂಡಿಸಿದ ಕರ್ಕಶ ಯಂತ್ರಘೋಷ ಈ ಕೊರತೆಯನ್ನು ಬಹುಮಟ್ಟಿಗೆ ತುಂಬಿಕೊಡುತ್ತದೆ. ‘ಥೀಫ್’ನ ಮೌನವಾದರೋ ಯಾವ ಭರವಸೆಯನ್ನೂ ಕೊಡದು: ನಿಂತಲ್ಲೇ ನಿಂತ ಕಾವಲುಗಾರನಿಗೆ ಹೆಜ್ಜೆಯ ಸದ್ದಿಲ್ಲ.

ಗ್ಯಾರೆಟ್ ಪಾಳುಬಿದ್ದ ದೇವಾಲಯವನ್ನು ಹೊಗುವ ಘಟ್ಟದಲ್ಲಿ ಪ್ರೇತಗಳ ಪಿಸುಮಾತೂ ಸರಪಳಿಯ ಸದ್ದೂ ಕೇಳಿಸುತ್ತವೆ. ಅವು ಪ್ರೇತಗಳ ನೆಲೆಯನ್ನು ತಿಳಿಸುತ್ತವೆ, ಕತ್ತಲನ್ನೂ ದಟ್ಟವಾಗಿಸುತ್ತವೆ. ಇದಿಷ್ಟು ಸಂಕೇತ, ಇದಿಷ್ಟು ಉದ್ದೀಪನ ಎಂದು ವಿಮರ್ಶಕ ಬಿಡಿಸಲು ಯತ್ನಿಸಬಹುದು. ಆಟಗಾರ ಮಾತ್ರ ಗೋಡೆಗೆ ಒತ್ತಿ ನಿಂತು, ಆ ಸರಪಳಿಯ ಸದ್ದು ದೂರವಾಗುವುದನ್ನೇ ಕಾಯುತ್ತಿರುತ್ತಾನೆ.