ನಕ್ಷೆ ಮುಗಿಯುವ ಮುನ್ನ ಉಕ್ಕು ಕತ್ತರಿಸಿದರೆ

2025ರ ನವೆಂಬರಿನಲ್ಲಿ ಅಮೆರಿಕದ ನೌಕಾಪಡೆ ತನ್ನ ಕಾನ್‌ಸ್ಟೆಲೇಷನ್ ದರ್ಜೆಯ ಫ್ರಿಗೇಟ್ ಯೋಜನೆಯನ್ನು ಅರ್ಧಕ್ಕೇ ಕೈಬಿಟ್ಟಿತು. ಗುತ್ತಿಗೆಯಲ್ಲಿದ್ದ ಆರು ಹಡಗುಗಳ ಪೈಕಿ ಮೊದಲ ಎರಡನ್ನು ಮಾತ್ರ ಉಳಿಸಿಕೊಂಡು ಮಿಕ್ಕ ನಾಲ್ಕನ್ನು ರದ್ದು ಮಾಡಿತು. ಈ ಸೋಲಿನ ಕಾರಣ ಹುಡುಕಲು ದೂರ ಹೋಗಬೇಕಿಲ್ಲ. 2022ರ ಆಗಸ್ಟ್‌ನಲ್ಲಿ ವಿಸ್ಕಾನ್ಸಿನ್‌ನ ಮ್ಯಾರಿನೆಟ್ ಶಿಪ್‌ಯಾರ್ಡಿನಲ್ಲಿ ಮೊದಲ ಹಡಗಿನ ನಿರ್ಮಾಣ ಶುರುವಾದಾಗ ಅದರ ವಿನ್ಯಾಸವೇ ಪೂರ್ತಿಯಾಗಿರಲಿಲ್ಲ. ಕೂಸು ಹುಟ್ಟುವ ಮುನ್ನ ಕುಲಾವಿ ಹೊಲಿದದ್ದು ಇಲ್ಲಿ ಅಕ್ಷರಶಃ ನಡೆಯಿತು.

ಬೇಸರವಾಗುವುದು ಯಾಕೆಂದರೆ, 2020ರಲ್ಲಿ ಗುತ್ತಿಗೆ ಕೊಡುವಾಗ ಇದ್ದ ಆಲೋಚನೆ ಒಳ್ಳೆಯದೇ ಆಗಿತ್ತು. ಇಟಲಿ ಮತ್ತು ಫ್ರಾನ್ಸಿನ ನೌಕಾಪಡೆಗಳು ವರ್ಷಗಳಿಂದ ಓಡಿಸುತ್ತಿದ್ದ ‘ಫ್ರೆಮ್’ ಫ್ರಿಗೇಟನ್ನೇ ಮಾದರಿಯಾಗಿ ಇಟ್ಟುಕೊಂಡು, ಸುಮಾರು ಶೇ 85ರಷ್ಟು ಹಾಗೇ ಉಳಿಸಿಕೊಂಡು ಕಟ್ಟುವುದು ಎಂದಿತ್ತು. ಆಮೇಲೆ ಅಮೆರಿಕದ ಸುರಕ್ಷತಾ ಮಾನದಂಡಗಳು ಬಂದವು, ಬೇರೆ ರಾಡಾರ್ ಬಂತು, ದೊಡ್ಡ ಜನರೇಟರುಗಳು ಬಂದವು. ಒಡಲು ಸುಮಾರು 7 ಮೀಟರ್ ಉದ್ದವಾಯಿತು, ಅಗಲವೂ ಹೆಚ್ಚಿತು. ಕೊನೆಗೆ ಮೂಲ ಹಡಗಿನೊಂದಿಗೆ ಹೋಲಿಕೆ ಶೇ 15ಕ್ಕಿಂತ ಕೆಳಗಿಳಿಯಿತು. ನೌಕಾಪಡೆಗೆ ತನ್ನದೇ ಅಗತ್ಯಗಳಿರುತ್ತವೆ, ಬದಲಾವಣೆ ಕೇಳಿದ್ದನ್ನು ನಾನು ತಪ್ಪೆನ್ನುವುದಿಲ್ಲ. ಆ ಬದಲಾವಣೆಗಳ ಲೆಕ್ಕ ಮುಗಿಯುವ ತನಕ ಕಾಯದೆ ಕೆಲಸಕ್ಕಿಳಿದದ್ದು ತಪ್ಪು.

ಯಾಕೆ ಎಂಬುದಕ್ಕೆ ಒಂದು ಜನರೇಟರನ್ನೇ ನೋಡಿ. ಅದರ ತೂಕ, ಅಳತೆ, ತಂಪಾಗಿಸಲು ಬೇಕಾದ ನೀರು, ಹೊರಡುವ ಕೇಬಲ್ಲಿನ ದಪ್ಪ, ಇವೆಲ್ಲ ತಯಾರಕರಿಂದ ಬರಬೇಕು. ಬರದಿದ್ದರೆ ವಿನ್ಯಾಸಕರು ಅಂದಾಜಿನ ಮೇಲೆ ನಕ್ಷೆ ಹಾಕುತ್ತಾರೆ. ನಿಜವಾದ ಯಂತ್ರ ಅಂದಾಜಿಗಿಂತ ಭಾರವಾಗಿದ್ದರೆ ಅದರ ಅಡಿಪೀಠ ಗಟ್ಟಿಯಾಗಬೇಕು, ಅದಕ್ಕೆ ಕೆಳಗಿನ ತೊಲೆ ಬದಲಾಗಬೇಕು, ತೊಲೆಯ ಪಕ್ಕ ಹಾದುಹೋಗುವ ಪೈಪು ಜಾಗ ಬಿಡಬೇಕು. ಆ ಪೈಪು ದಾಟುವ ತಡೆಗೋಡೆಯಲ್ಲಿ ಹಳೆಯ ತೂತು ಮುಚ್ಚಿ ಹೊಸದು ಕೊರೆಯಬೇಕು, ನೀರು ನುಗ್ಗದಂತೆ ಅದನ್ನು ಮತ್ತೆ ಬಿಗಿ ಮಾಡಬೇಕು. ಕಂಪ್ಯೂಟರಿನ ಮೂರು ಆಯಾಮದ ಮಾದರಿಯಲ್ಲಿ ಇದು ಮೇಜಿನ ಮೇಲಿನ ಕೆಲಸ. ವೆಲ್ಡಿಂಗ್ ಆಗಿ, ಬಣ್ಣವೂ ಬಿದ್ದಿರುವ ಉಕ್ಕಿನಲ್ಲಾದರೆ ಕಟ್ಟಿದ್ದನ್ನು ಒಡೆದು ಕಟ್ಟುವ ಕೆಲಸ. ಹೀಗೆ ಸೇರುವ ಭಾರವನ್ನು ಇಡೀ ಹಡಗು ಹೊರಬೇಕು: ಅದು ಇನ್ನಷ್ಟು ಆಳಕ್ಕೆ ಕೂರುತ್ತದೆ, ವೇಗ ತಗ್ಗುತ್ತದೆ. ಕಾನ್‌ಸ್ಟೆಲೇಷನ್ನಿನ ತೂಕ ಅಂದಾಜಿಗಿಂತ 759 ಟನ್, ಅಂದರೆ ಶೇ 10ಕ್ಕೂ ಮಿಕ್ಕಿ ಬೆಳೆದಿತ್ತು. 2026ರಲ್ಲಿ ಕೈಸೇರಬೇಕಿದ್ದ ಮೊದಲ ಹಡಗು 2029ಕ್ಕೆ ಹೋಯಿತು.

ಇದಕ್ಕಿಂತ ನನಗೆ ಹೆಚ್ಚು ಕಳವಳ ಹುಟ್ಟಿಸಿದ್ದು ಪ್ರಗತಿ ಅಳೆದ ರೀತಿ. ಎಷ್ಟು ವಿನ್ಯಾಸ ದಾಖಲೆಗಳು ಮುಗಿದವು ಎಂದು ಎಣಿಸುತ್ತಿದ್ದರೇ ಹೊರತು ಅವುಗಳಲ್ಲಿ ಕಟ್ಟಲು ಸಾಕಾಗುವಷ್ಟು ಸತ್ವವಿದೆಯೇ ಎಂದು ನೋಡುತ್ತಿರಲಿಲ್ಲ ಎಂದು ಅಮೆರಿಕ ಸಂಸತ್ತಿನ ಲೆಕ್ಕಪರಿಶೋಧನಾ ಸಂಸ್ಥೆ ಜಿಎಒ 2024ರಲ್ಲಿ ಬಯಲಿಗೆಳೆಯಿತು. ಸುಲಭವಾದ ಕಾಗದಗಳು ಬೇಗ ಮುಗಿಯುತ್ತವೆ, ಕಷ್ಟದವು ಹಿಂದೆ ಉಳಿಯುತ್ತವೆ. ಮೇಲಧಿಕಾರಿಗಳ ಕಣ್ಣಿಗೆ ಬೀಳುವುದು ಮಾತ್ರ ಏರುತ್ತಿರುವ ಶೇಕಡಾವಾರು.

ಅದೇ ವರ್ಷ ಜಿಎಒ ವಾಣಿಜ್ಯ ಹಡಗು ಕಟ್ಟುವವರ ಪದ್ಧತಿಯನ್ನೂ ಅಧ್ಯಯನ ಮಾಡಿತು. ಒಡಲಿನ ರೂಪ, ತೂಕ, ಯಂತ್ರಗಳ ಜಾಗ, ಪೈಪು-ಕೇಬಲ್‌ಗಳ ದಾರಿ ಇವೆಲ್ಲ ಮಾದರಿಯಲ್ಲಿ ಕೂತ ಮೇಲೆಯೇ ಅಲ್ಲಿ ಉಕ್ಕು ಕತ್ತರಿಸುತ್ತಾರೆ. ತಯಾರಕರಿಂದ ಮಾಹಿತಿಯನ್ನು ಮೊದಲೇ ಪಡೆದುಕೊಳ್ಳುತ್ತಾರೆ. ವಾಣಿಜ್ಯ ಹಡಗಿನಲ್ಲಿ ಕ್ಷಿಪಣಿಯಾಗಲಿ ಯುದ್ಧದ ರಾಡಾರಾಗಲಿ ಇರುವುದಿಲ್ಲ, ಈ ಹೋಲಿಕೆ ಎಷ್ಟು ಸರಿ ಎಂಬ ಆಕ್ಷೇಪ ನ್ಯಾಯವಾದದ್ದು. ಆದರೆ ಹಡಗು ಜಟಿಲವಾದಷ್ಟೂ ವಿನ್ಯಾಸಕ್ಕೆ ಹೆಚ್ಚು ಕಾಲ ಕೊಡಬೇಕೆಂಬುದನ್ನೇ ಆ ಆಕ್ಷೇಪ ಹೇಳುತ್ತದೆ. ಇದೇ ನೌಕಾಪಡೆಯ ಹಿಂದಿನ ಅನುಭವವೂ ಅದನ್ನೇ ಹೇಳುತ್ತದೆ. ಅದರ ಜೆರಾಲ್ಡ್ ಫೋರ್ಡ್ ವಿಮಾನವಾಹಕ ನೌಕೆ 2017ರಲ್ಲಿ ಸೇವೆಗೆ ಸೇರಿತು, ಅದರ ಹನ್ನೊಂದು ಶಸ್ತ್ರಾಸ್ತ್ರ ಲಿಫ್ಟುಗಳಲ್ಲಿ ಕೊನೆಯದು ಕೈಗೆ ಬಂದದ್ದು 2021ರ ಡಿಸೆಂಬರಿನಲ್ಲಿ. ಜುಮ್‌ವಾಲ್ಟ್ ದರ್ಜೆಯಲ್ಲಿ 32 ಹಡಗುಗಳೆಂದು ಹೊರಟು ಮೂರಕ್ಕೆ ನಿಲ್ಲಿಸಿದರು. ಇಷ್ಟೆಲ್ಲ ಪಾಠ ಕಣ್ಣೆದುರಿಗಿತ್ತು.

ನಮಗೂ ಈ ಚಾಳಿ ಹೊಸದಲ್ಲ. ಆಯುಧ ಮತ್ತು ಸೆನ್ಸರ್‌ಗಳ ಆಯ್ಕೆ ತಡವಾಗಿ ನಮ್ಮ ಯುದ್ಧನೌಕೆಗಳ ನಿರ್ಮಾಣ ಹೇಗೆ ಹಿಂದೆ ಬಿತ್ತೆಂಬುದನ್ನು ಭಾರತದ ಲೆಕ್ಕಪರಿಶೋಧನಾ ಸಂಸ್ಥೆ ಸಿಎಜಿಯ ವರದಿ ತೋರಿಸಿದೆ. ಕಾರವಾರದ ಕದಂಬ ನೌಕಾನೆಲೆಯನ್ನು ಇನ್ನಷ್ಟು ಹಡಗುಗಳಿಗೆಂದು ವಿಸ್ತರಿಸುತ್ತಿದ್ದೇವೆ. ಅದಕ್ಕಾಗಿ ಉತ್ತರ ಕನ್ನಡದ ಊರುಗಳು ನೆಲ ಬಿಟ್ಟುಕೊಟ್ಟಿವೆ. ಅಲ್ಲಿಗೆ ಬಂದು ನಿಲ್ಲಬೇಕಾದ ಹಡಗಿನ ನಕ್ಷೆ ಎಲ್ಲಿಗೆ ಬಂತೆಂದು ಕೇಳುವ ಹಕ್ಕು ನಮಗೂ ಇದೆ.

ಅಮೆರಿಕ ಈಗ ತನ್ನ ಕರಾವಳಿ ಕಾವಲು ಪಡೆಯ ಕಟರ್ ಹಡಗನ್ನು ಆಧಾರವಾಗಿ ಇಟ್ಟುಕೊಂಡು ಹೊಸ ಫ್ರಿಗೇಟ್ ಕಟ್ಟುವುದಾಗಿ ಸಾರಿದೆ, ಮೊದಲನೆಯದನ್ನು 2028ರೊಳಗೆ ನೀರಿಗಿಳಿಸುತ್ತದಂತೆ. ಮತ್ತೊಮ್ಮೆ ಸಿದ್ಧ ಮಾದರಿ, ಮತ್ತೊಮ್ಮೆ ಮೊದಲೇ ಗೊತ್ತುಮಾಡಿದ ದಿನಾಂಕ. ಕಂಪ್ಯೂಟರ್ ಮಾದರಿಯಲ್ಲಿ ಕೊನೆಯ ಪೈಪೂ ಕೂತಿದೆ ಎಂದು ಹೊರಗಿನ ತಜ್ಞರು ಸಹಿ ಹಾಕುವವರೆಗೆ ಈ ಹಡಗಿನ ಒಂದು ತಗಡನ್ನೂ ಕತ್ತರಿಸಬಾರದು.