ಬಿಲಾವಲ್ ಮತ್ತು ಬಿಸಿರೊಟ್ಟಿ

ರವಿವಾರ ಐಹೊಳೆಗೆ ಕಾರುಗಳು ಬರುತ್ತವೆ. ದುರ್ಗ ಗುಡಿಯ ಮುಂದೆ ಫೋಟೊ, ಮೇಗುತಿ ಗುಡ್ಡ ಹತ್ತುವ ಗದ್ದಲ. ಊರವರಿಗೆ ಅವಸರವಿಲ್ಲ, ಗುಡ್ಡದ ಮೇಲಿನ 634ರ ರವಿಕೀರ್ತಿಯ ಶಾಸನ ಎಲ್ಲಿಗೂ ಓಡಿಹೋಗುವುದಿಲ್ಲವಲ್ಲ! ನಮ್ಮ ಪಡಸಾಲೆಯಲ್ಲಿ ಮಲ್ಲಿಕಾರ್ಜುನ ಮನಸೂರರ ಶುಕ್ಲ ಬಿಲಾವಲ್, ಒಳಗೆ ಅವ್ವ ರೊಟ್ಟಿ ಬಡಿಯುವ ಸಪ್ಪಳ.

ಜೋಳದ ಹಿಟ್ಟಿಗೆ ಗೋಧಿಯ ಜಿಗುಟಿಲ್ಲ. ಕುದಿಯುವ ಎಸರು ಹೊಯ್ದು ನಾದಿದರಷ್ಟೇ ಒಂದಾಗುತ್ತದೆ. ಲಟ್ಟಣಿಗೆ ಬೇಡ, ಅಂಗೈ ಸಾಕು. ಹಂಚಿಗೆ ಹಾಕಿ, ಮೇಲೆ ಒದ್ದೆ ಅರಿವೆ ಸವರಿ, ತಿರುವಿ, ಉಬ್ಬಿಸಬೇಕು. ಮನಸೂರರ ಹಾಡಿಕೆಯೂ ನನಗೆ ಹಾಗೇ ಕೇಳುತ್ತದೆ. ಮಂಜಿಖಾನ್, ಭುರ್ಜಿಖಾನರಿಂದ ಜೈಪುರ-ಅತ್ರೌಲಿ ಗಾಯಕಿ ಕಲಿತ ಈ ಧಾರವಾಡ ಸೀಮೆಯ ದನಿ ಉದ್ದ ಪೀಠಿಕೆ ಹಾಕಿ ಕಾಯಿಸುವುದಿಲ್ಲ. ಬಂದಿಶಿನೊಳಗೇ ರಾಗ ಬಿಚ್ಚಿ, ತಾನ್ ಮೇಲೆ ತಾನ್ ಹೆಣೆದು, ಇನ್ನೇನು ತಪ್ಪಿತು ಎನ್ನುವಾಗ ಸಮಕ್ಕೆ ಬಂದು ನಿಲ್ಲುತ್ತದೆ.

ತಾಟಿನಲ್ಲಿ ಎಣ್ಣೆಗಾಯಿ, ಶೇಂಗಾ ಹಿಂಡಿ, ಗಟ್ಟಿ ಮೊಸರು, ಗುದ್ದಿ ಒಡೆದ ಉಳ್ಳಾಗಡ್ಡಿ. ಹಾಡು ಮುಗಿಯಲಿ ಎಂದರೆ ಅವ್ವ ಕೇಳುವುದಿಲ್ಲ: “ರೊಟ್ಟಿ ಆರಿ ಹೊಕ್ಕಾವು. ಹಾಡು ಮತ್ತ ಹಚ್ಚಾಕ ಬರ್ತೈತಿ, ಏಳ.”

ಅವ್ವನ ಮಾತೇ ಸರಿ. ಬಿಲಾವಲ್ ಉಣ್ಣುತ್ತ ಕೇಳಿದರೂ ಕೆಡುವುದಿಲ್ಲ.