ನೆರೆಯವರ ಮೇಲೆ ಮತದಾನ

ಸ್ವಿಟ್ಜರ್ಲೆಂಡಿನ ಲೂಸರ್ನ್ ನಗರದ ಮಗ್ಗುಲಲ್ಲೇ ಎಮ್ಮನ್ ಎಂಬ ಕೈಗಾರಿಕಾ ಊರಿದೆ. 2000ದ ಮಾರ್ಚ್ 12ರಂದು ಅಲ್ಲೊಂದು ಮತದಾನ ನಡೆಯಿತು. ಪೌರತ್ವ ಕೋರಿ 23 ಅರ್ಜಿಗಳು ಬಂದಿದ್ದವು. ಹೆಂಡತಿ ಮಕ್ಕಳೆಲ್ಲ ಸೇರಿ 56 ಜನ. ಮತದಾರರ ಮನೆಗಳಿಗೆ ಮೊದಲೇ ಒಂದು ಪುಸ್ತಿಕೆ ತಲುಪಿತ್ತು. ಅರ್ಜಿದಾರರ ಮೂಲ ದೇಶ ಯಾವುದು, ಏನು ಕೆಲಸ, ತೆರಿಗೆ ಕಟ್ಟಿದ್ದಾರೆಯೇ, ಬಿಡುವಿನ ವೇಳೆಯಲ್ಲಿ ಏನು ಮಾಡುತ್ತಾರೆ ಎಂಬುದೆಲ್ಲ ಅದರಲ್ಲಿತ್ತು. ಊರಿನವರು ಅದನ್ನು ಓದಿ ಒಂದೊಂದು ಅರ್ಜಿಗೂ ಬೇಕು ಅಥವಾ ಬೇಡ ಎಂದು ಗುಟ್ಟಾಗಿ ಮತ ಹಾಕಿದರು. ಗೆದ್ದದ್ದು ನಾಲ್ಕು ಇಟಾಲಿಯನ್ ಅರ್ಜಿಗಳು, ಒಟ್ಟು ಎಂಟು ಜನ. ಉಳಿದವರೆಲ್ಲ ಸೋತರು. ಅವರಲ್ಲಿ ಹೆಚ್ಚಿನವರು ಹಿಂದಿನ ಯುಗೊಸ್ಲಾವಿಯಾದಿಂದ ಬಂದವರು. ಏಕೆ ಬೇಡ ಎಂದು ಅವರಿಗೆ ಯಾರೂ ಹೇಳಲಿಲ್ಲ. ಮತಪತ್ರದಲ್ಲಿ ಕಾರಣ ಬರೆಯಲು ಜಾಗವಿರುವುದಿಲ್ಲ.

ವಲಸೆ ಮತ್ತು ಬಹುಸಂಸ್ಕೃತಿಯ ಪ್ರಶ್ನೆಗಳನ್ನು ಜನರ ನೇರ ಮತಕ್ಕೆ ಬಿಡಬೇಕು ಎನ್ನುವವರು ಮೊದಲು ಬೆರಳು ತೋರಿಸುವುದು ಸ್ವಿಟ್ಜರ್ಲೆಂಡಿನತ್ತ. ಅಲ್ಲಿ 18 ತಿಂಗಳೊಳಗೆ ಒಂದು ಲಕ್ಷ ಸಹಿ ಕೂಡಿಸಿದರೆ ಸಂವಿಧಾನದ ತಿದ್ದುಪಡಿಯನ್ನೇ ದೇಶದ ಮುಂದಿಡಬಹುದು. ಒಟ್ಟು ಮತಗಳಲ್ಲೂ ಬಹುಮತ ಬರಬೇಕು, ಅಲ್ಲಿನ ರಾಜ್ಯಗಳಾದ ಕ್ಯಾಂಟನ್‌ಗಳಲ್ಲೂ ಬರಬೇಕು. ಬಂದರೆ ಅದೇ ಸಂವಿಧಾನ. ಈ ಪದ್ಧತಿಯನ್ನು ಅರ್ಧ ಶತಮಾನದ ಅನುಭವದಲ್ಲಿಟ್ಟು ತೂಗಿದಾಗ ನನಗೆ ಕಾಣುವುದು ಇಷ್ಟು: ಎಷ್ಟು ಜನ ಬರಬಹುದು, ಯಾವ ಷರತ್ತಿನ ಮೇಲೆ ಬರಬಹುದು ಎಂದು ಕೇಳಿದಾಗ ಜನ ಕಷ್ಟಪಟ್ಟಾದರೂ ಒಂದು ಉತ್ತರಕ್ಕೆ ಬಂದಿದ್ದಾರೆ. ಈ ಮನುಷ್ಯ ನಮ್ಮವನೇ, ಆ ಧರ್ಮದವರ ಕಟ್ಟಡ ಇಲ್ಲಿ ಎದ್ದು ನಿಲ್ಲಬಹುದೇ ಎಂದು ಕೇಳಿದಾಗಲೆಲ್ಲ ಅನ್ಯಾಯವಾಗಿದೆ.

ಎಮ್ಮನ್‌ನಲ್ಲಿ ಗೆದ್ದ ಇಟಾಲಿಯನ್ನರ ಮಾತನ್ನೇ ತೆಗೆದುಕೊಳ್ಳಿ. ಮೂವತ್ತು ವರ್ಷ ಹಿಂದೆ ಬೇಡವಾಗಿದ್ದವರು ಅವರೇ. ಯುದ್ಧಾನಂತರ ಸ್ವಿಸ್ ಸುರಂಗ, ಅಣೆಕಟ್ಟು, ಕಾರ್ಖಾನೆಗಳಲ್ಲಿ ದುಡಿದವರಲ್ಲಿ ಇಟಲಿಯವರದೇ ದೊಡ್ಡ ಪಾಲು. ಪ್ರತಿ ಕ್ಯಾಂಟನ್‌ನಲ್ಲೂ ವಿದೇಶಿಯರ ಸಂಖ್ಯೆ ಶೇ. 10 ಮೀರಬಾರದು, ಜಿನೀವಾಕ್ಕೆ ಮಾತ್ರ ಶೇ. 25ರ ವಿನಾಯಿತಿ ಎಂದು ಜೇಮ್ಸ್ ಶ್ವಾರ್ಜೆನ್‌ಬಾಖ್ ಎಂಬ ಸಂಸದ ತಂದ ಪ್ರಸ್ತಾಪ 1970ರ ಜೂನ್ 7ರಂದು ಮತಕ್ಕೆ ಬಂತು. ಗೆದ್ದಿದ್ದರೆ ಮೂರು ಲಕ್ಷಕ್ಕೂ ಹೆಚ್ಚು ಜನ ಗಂಟುಮೂಟೆ ಕಟ್ಟಬೇಕಿತ್ತು. ಶೇ. 54 ಜನ ಬೇಡವೆಂದದ್ದರಿಂದ ತಪ್ಪಿತು. ಅಂದು ಮತ ಹಾಕಿದವರು ಗಂಡಸರು ಮಾತ್ರ. ಹೆಂಗಸರಿಗೆ ಮತದ ಹಕ್ಕು ಸಿಕ್ಕಿದ್ದು 1971ರಲ್ಲಿ. 1959ರಲ್ಲಿ ಇದೇ ಗಂಡಸರು, ಮೂರರಲ್ಲಿ ಎರಡು ಪಾಲು, ಹೆಂಗಸರಿಗೆ ಆ ಹಕ್ಕು ಬೇಡವೆಂದಿದ್ದರು.

1970ರಿಂದ 2000ಕ್ಕೆ ಇಟಾಲಿಯನ್ನರು ಬದಲಾಗಿರಲಿಲ್ಲ. ನೋಡುವವರ ಕಣ್ಣಿಗೆ ರೂಢಿಯಾಗಿತ್ತು, ಅಷ್ಟೆ. ಮತಪೆಟ್ಟಿಗೆ ಅಳೆದದ್ದು ಅರ್ಜಿದಾರರ ಯೋಗ್ಯತೆಯನ್ನಲ್ಲ, ಊರಿನ ಪರಿಚಯದ ಆಯುಷ್ಯವನ್ನು. ಇದಕ್ಕೆ ಅಂಕಿಅಂಶದ ಸಾಕ್ಷಿಯೂ ಇದೆ. ಯೆನ್ಸ್ ಹೈನ್‌ಮ್ಯುಲರ್ ಮತ್ತು ಡೊಮಿನಿಕ್ ಹಂಗಾರ್ಟ್ನರ್ ಎಂಬ ರಾಜ್ಯಶಾಸ್ತ್ರಜ್ಞರು ಇಂಥ ಪೌರತ್ವ ಮತದಾನಗಳ ದಾಖಲೆಗಳನ್ನು ಪರಿಶೀಲಿಸಿದಾಗ, ಅರ್ಜಿಯ ಹಣೆಬರಹ ಬರೆದದ್ದು ಭಾಷೆ, ಕೆಲಸಗಳಿಗಿಂತ ಹೆಚ್ಚಾಗಿ ಮೂಲ ದೇಶವೇ ಎಂದು ಕಂಡುಬಂತು. ಅದೇ ತೀರ್ಮಾನ ಚುನಾಯಿತ ಪ್ರತಿನಿಧಿಗಳ ಕೈಗೆ ಹೋದ ಕಡೆ ಪೌರತ್ವ ನೀಡುವ ಪ್ರಮಾಣ ಶೇ. 60ರಷ್ಟು ಏರಿತು. ಪ್ರತಿನಿಧಿಗಳು ಮತದಾರರಿಗಿಂತ ಒಳ್ಳೆಯವರು ಎಂದು ಇದರ ಅರ್ಥವಲ್ಲ. ಅವರು ಹೆಸರು ಹೇಳಿಕೊಂಡು ಕಾರಣ ಕೊಡಬೇಕಿತ್ತು, ಕೊಟ್ಟ ಕಾರಣ ಕೋರ್ಟಿನಲ್ಲಿ ನಿಲ್ಲಬೇಕಿತ್ತು.

ಮಸೀದಿಗಳಿಗೆ ಮಿನಾರ್ ಕಟ್ಟಬಾರದೆಂಬ ನಿಷೇಧದ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. 2009ರ ನವೆಂಬರಿನಲ್ಲಿ ಶೇ. 57.5 ಮತದೊಂದಿಗೆ ಅದು ಸಂವಿಧಾನ ಸೇರಿತು. ಆಗ ಇಡೀ ದೇಶದಲ್ಲಿದ್ದ ಮಿನಾರ್‌ಗಳು ನಾಲ್ಕು. ಕಟ್ಟಡದ ಎತ್ತರವೋ ಸದ್ದೋ ತೊಂದರೆಯಾಗಿದ್ದರೆ ಊರಿನ ಕಟ್ಟಡ ನಿಯಮವೇ ಸಾಕಿತ್ತು. ಒಂದು ಧರ್ಮದವರನ್ನು ಮಾತ್ರ ಹೆಸರಿಸಿ ಸಂವಿಧಾನದಲ್ಲಿ ಗೆರೆ ಎಳೆದದ್ದನ್ನು ಯಾವ ಬಹುಮತವೂ ಸರಿಯೆನಿಸಲಾರದು.

2014ರ ಫೆಬ್ರುವರಿ 9ರ ಮತದಾನ ಇನ್ನೊಂದು ಬಗೆಯದು, ಅದರ ಮೇಲೆ ಸಿಟ್ಟಾಗುವ ಮೊದಲು ಅದನ್ನು ಕೇಳಿಸಿಕೊಳ್ಳಬೇಕು. ವಲಸೆಗೆ ವರ್ಷವರ್ಷವೂ ಕೋಟಾ ಇರಲಿ ಎಂಬ ಪ್ರಸ್ತಾಪಕ್ಕೆ ಶೇ. 50.3 ಜನ ಹೌದೆಂದರು. ಅಂತರ 20 ಸಾವಿರ ಮತಗಳಿಗಿಂತ ಕಡಿಮೆ. ವಿದೇಶಿಯರು ದಟ್ಟವಾಗಿರುವ ಜಿನೀವಾ, ಬಾಸೆಲ್, ಜ್ಯೂರಿಕ್ ಬೇಡವೆಂದವು. ಆದರೆ ಇಟಾಲಿಯನ್ ಮಾತನಾಡುವ ಟಿಚಿನೋ ಕ್ಯಾಂಟನ್‌ನಲ್ಲಿ ಶೇ. 68 ಹೌದು ಬಿತ್ತು. ಅಲ್ಲಿಗೆ ದಿನಬೆಳಗಾದರೆ ಗಡಿಯಾಚೆಯ ಲೊಂಬಾರ್ಡಿಯಿಂದ ಸುಮಾರು 60 ಸಾವಿರ ಜನ ಕೆಲಸಕ್ಕೆ ಬರುತ್ತಿದ್ದರು. ಇಟಲಿಯ ಖರ್ಚಿನಲ್ಲಿ ಬದುಕುವವರಿಗೆ ಸಾಕಾಗುವ ಸಂಬಳ ಸ್ವಿಸ್ ಬಾಡಿಗೆ ಕಟ್ಟುವವರಿಗೆ ಸಾಲದು, ಮಾಲೀಕರಿಗೆ ಇದು ಚೆನ್ನಾಗಿ ಗೊತ್ತಿತ್ತು. ಟಿಚಿನೋದವರ ಮತವನ್ನು ಬರಿಯ ದ್ವೇಷವೆಂದು ತಳ್ಳಿಹಾಕಿದ ಪತ್ರಿಕಾ ಬರಹಗಳು ನನಗೆ ಒಪ್ಪಿಗೆಯಾಗುವುದಿಲ್ಲ.

ಆದರೆ ಅವರ ಮುಂದಿಟ್ಟ ಪ್ರಶ್ನೆ ತಪ್ಪಾಗಿತ್ತು. ಯುರೋಪಿಯನ್ ಒಕ್ಕೂಟದೊಡನೆ ಮುಕ್ತ ಸಂಚಾರದ ಒಪ್ಪಂದವನ್ನು 2000ದ ಮೇ ತಿಂಗಳಲ್ಲಿ ಇದೇ ಜನ ಶೇ. 67 ಮತ ಕೊಟ್ಟು ಒಪ್ಪಿದ್ದರು. ಅದನ್ನು ಮುರಿದರೆ ವ್ಯಾಪಾರಕ್ಕೆ ಸಂಬಂಧಿಸಿದ್ದೂ ಸೇರಿ ಅದರ ಜೊತೆಯ ಬೇರೆ ಆರು ಒಪ್ಪಂದಗಳೂ ಬಿದ್ದುಹೋಗುತ್ತವೆ ಎಂಬ ಷರತ್ತು ಅದರಲ್ಲೇ ಇತ್ತು. 2014ರ ಮತಪತ್ರ ಆ ಬೆಲೆಯನ್ನು ಕೇಳಲಿಲ್ಲ. ಮುಂದೇನಾಯಿತು? ಒಕ್ಕೂಟ ಒಪ್ಪಲಿಲ್ಲ, ಸಂಶೋಧನೆ ಮತ್ತು ವಿದ್ಯಾರ್ಥಿ ವಿನಿಮಯದ ಯೋಜನೆಗಳಲ್ಲಿ ಸ್ವಿಸ್ ವಿಶ್ವವಿದ್ಯಾಲಯಗಳಿಗೆ ಪೆಟ್ಟು ಬಿತ್ತು. ಕೊನೆಗೆ 2016ರ ಡಿಸೆಂಬರಿನಲ್ಲಿ ಸಂಸತ್ತು ಕೋಟಾವನ್ನೇ ಬಿಟ್ಟು, ನಿರುದ್ಯೋಗ ಹೆಚ್ಚಿರುವ ಕಸುಬುಗಳಲ್ಲಿ ಖಾಲಿ ಹುದ್ದೆಯನ್ನು ಮೊದಲು ಉದ್ಯೋಗ ಕಚೇರಿಗೆ ತಿಳಿಸಬೇಕೆಂಬ ತೆಳು ಕಾನೂನು ಮಾಡಿತು. ಗೆದ್ದವರಿಗೆ ಮೋಸ ಹೋದೆವೆನ್ನಿಸಿತು, ಸೋತವರಿಗೆ ಸಮಾಧಾನವಾಗಲಿಲ್ಲ. 2020ರಲ್ಲಿ ಮುಕ್ತ ಸಂಚಾರವನ್ನು ನೇರವಾಗಿ ಕೊನೆಗೊಳಿಸುವ ಪ್ರಸ್ತಾಪ ಬಂದಾಗ, ಬೆಲೆ ಎಲ್ಲರಿಗೂ ತಿಳಿದಿತ್ತು. ಶೇ. 61.7 ಜನ ಬೇಡವೆಂದರು.

ಟಿಚಿನೋದ ನೋವಿಗೆ ನಿಜವಾದ ಉತ್ತರ ಬಂದದ್ದು ಬೇರೊಂದು ಮತದಾನದಿಂದ. 2015ರಲ್ಲಿ ಆ ಕ್ಯಾಂಟನ್‌ನ ಜನ ಕನಿಷ್ಠ ವೇತನವನ್ನು ಕ್ಯಾಂಟನ್ ಸಂವಿಧಾನಕ್ಕೆ ಸೇರಿಸಲು ಮತ ಹಾಕಿದರು. 2021ರಲ್ಲಿ ಅದರ ಕಾನೂನು ಜಾರಿಗೆ ಬಂತು. ಗಡಿಯಾಚೆಯಿಂದ ಬರುವವನಿಗೂ ಊರಿನವನಿಗೂ ಒಂದೇ ಕನಿಷ್ಠ ಕೂಲಿ. ನೇರ ಮತದಾನದ ಪರವಾಗಿ ಮಾತಾಡಬೇಕಾದರೆ ನಾನು ಎತ್ತಿಕೊಳ್ಳುವ ಉದಾಹರಣೆ ಇದು.

ಮತದಾರರಿಗೆ ಕಾಣದ್ದೂ ಇದೆ. ಋತುಮಾನದ ಕಾರ್ಮಿಕರೆಂಬ ವರ್ಗಕ್ಕೆ ಹಿಂದೆ ಸ್ವಿಟ್ಜರ್ಲೆಂಡಿನಲ್ಲಿ ವರ್ಷಕ್ಕೆ ಒಂಬತ್ತು ತಿಂಗಳಷ್ಟೇ ಇರಲು ಅನುಮತಿಯಿತ್ತು, ಹೆಂಡತಿ ಮಕ್ಕಳನ್ನು ಕರೆತರುವಂತಿರಲಿಲ್ಲ. ಮಕ್ಕಳನ್ನು ಬಿಟ್ಟಿರಲಾರದೆ ಕದ್ದು ಕರೆತಂದವರು ಹಗಲಿಡೀ ಅವರನ್ನು ಬಾಗಿಲು ಹಾಕಿದ ಮನೆಯಲ್ಲಿ ಬಿಟ್ಟು ಕೆಲಸಕ್ಕೆ ಹೋಗುತ್ತಿದ್ದರು. ಸದ್ದು ಮಾಡಬಾರದು, ಕಿಟಕಿಯ ಹತ್ತಿರ ಹೋಗಬಾರದು, ಶಾಲೆಯಿಲ್ಲ. ಈ ಪದ್ಧತಿ ಕೊನೆಯಾಗಲಿ ಎಂಬ ಪ್ರಸ್ತಾಪ 1981ರಲ್ಲಿ ಮತಕ್ಕೆ ಬಂದಾಗ ಶೇ. 84 ಜನ ತಳ್ಳಿಹಾಕಿದರು. ಅದು ಹೋದದ್ದು 2002ರಲ್ಲಿ, ಮುಕ್ತ ಸಂಚಾರದ ಒಪ್ಪಂದ ಜಾರಿಯಾದಾಗ. ಕಿಟಕಿಯ ಹಿಂದಿದ್ದ ಮಕ್ಕಳ ತಂದೆತಾಯಿಗೆ 1981ರಲ್ಲಿ ಒಂದೇ ಒಂದು ಮತವಿರಲಿಲ್ಲ.

ಈಗಲೂ ಅಲ್ಲಿನ ಜನಸಂಖ್ಯೆಯ ಕಾಲುಭಾಗಕ್ಕಿಂತ ಹೆಚ್ಚು ಜನ ವಿದೇಶಿ ಪ್ರಜೆಗಳು, ದೇಶದ ಮತದಾನದಲ್ಲಿ ಪಾಲಿಲ್ಲದವರು. ಬಾಸೆಲ್‌ನ ಔಷಧ ಕಂಪನಿಗಳಲ್ಲಿ, ಜ್ಯೂರಿಕ್‌ನ ಬ್ಯಾಂಕುಗಳ ಐಟಿ ವಿಭಾಗಗಳಲ್ಲಿ ಕೆಲಸ ಮಾಡುವ ನಮ್ಮ ಕಡೆಯವರೂ ಅವರಲ್ಲಿದ್ದಾರೆ. ಅವರು ಬರುವುದು ಯುರೋಪಿನ ಹೊರಗಿನವರಿಗಿರುವ ವಾರ್ಷಿಕ 8,500 ಪರವಾನಗಿಗಳ ಕೋಟಾದಲ್ಲಿ. ಆ ಕೋಟಾ ಎಷ್ಟಿರಬೇಕು ಎಂಬುದು ಅಲ್ಲಿನ ಪ್ರಜೆಗಳ ಹಕ್ಕು, ಅದರಲ್ಲಿ ನನಗೆ ತಕರಾರಿಲ್ಲ. ಹತ್ತು ವರ್ಷ ತೆರಿಗೆ ಕಟ್ಟಿ, ಮಕ್ಕಳನ್ನು ಅಲ್ಲಿನ ಶಾಲೆಗೆ ಕಳಿಸಿ, ಭಾಷೆ ಕಲಿತು ಅರ್ಜಿ ಹಾಕಿದವರ ಹೆಸರನ್ನು ಮಾತ್ರ ಮತಪತ್ರದಲ್ಲಿ ಅಚ್ಚು ಹಾಕಬಾರದು.

ಎಮ್ಮನ್‌ನಲ್ಲಿ ಸೋತ ಕೆಲವರು ಸುಮ್ಮನಿರಲಿಲ್ಲ. 2003ರ ಜುಲೈ 9ರಂದು ದೇಶದ ಸರ್ವೋಚ್ಚ ನ್ಯಾಯಾಲಯ ಅವರ ಪರವಾಗಿ ತೀರ್ಪು ಕೊಟ್ಟು, ಗುಪ್ತ ಮತದಾನದಿಂದ ಪೌರತ್ವ ನಿರ್ಧರಿಸುವುದು ಸಂವಿಧಾನಕ್ಕೆ ವಿರುದ್ಧವೆಂದಿತು. ಆ ತೀರ್ಪನ್ನು ಬದಿಗೊತ್ತಿ ಮತ್ತೆ ಮತಪೆಟ್ಟಿಗೆಯನ್ನೇ ತರಬೇಕೆಂಬ ಪ್ರಸ್ತಾಪವನ್ನು 2008ರ ಜೂನ್‌ನಲ್ಲಿ ಮತದಾರರೇ ಸುಮಾರು ಶೇ. 64 ಮತದಿಂದ ಸೋಲಿಸಿದರು. ತಮಗೆ ಸಿಗಬಹುದಾಗಿದ್ದ ಅಧಿಕಾರವನ್ನು ತಾವೇ ಬೇಡವೆಂದ ಆ ಮತದಾರರ ಬಗ್ಗೆ ನನಗೆ ದೊಡ್ಡ ಗೌರವವಿದೆ. ಊರಸಭೆಯಲ್ಲಿ ಪೌರತ್ವ ತೀರ್ಮಾನಿಸುವ ಹಳೆಯ ಕ್ರಮ ಅಲ್ಲಲ್ಲಿ ಉಳಿದಿದೆ. ಆದರೆ ಈಗಿನ ಕಾನೂನಿನ ಪ್ರಕಾರ ಸಭೆ ಸುಮ್ಮಸುಮ್ಮನೆ ಕೈಯೆತ್ತಿ ಅರ್ಜಿ ತಿರಸ್ಕರಿಸುವಂತಿಲ್ಲ. ಬೇಡವೆನ್ನುವವರು ಯಾರಾದರೂ ಮೊದಲು ಎದ್ದು ನಿಂತು, ಬೇಡವೆಂಬ ಸೂಚನೆ ಮಂಡಿಸಿ, ಏಕೆ ಬೇಡ ಎಂದು ಊರಿನವರೆಲ್ಲರ ಎದುರು ಹೇಳಬೇಕು. ಆ ಕಾರಣ ಸರಿಯಿಲ್ಲದಿದ್ದರೆ ಅರ್ಜಿದಾರರು ಕ್ಯಾಂಟನ್‌ನ ನ್ಯಾಯಾಲಯಕ್ಕೆ ಹೋಗಬಹುದು.